ಬೀಗ ತೆಗೆದ ಹಳೆಯ ಫೋನಿಗೆ ಸಿಗ್ನಲ್ ಏಕೆ ಬರುವುದಿಲ್ಲ?

ಒಂದು ದಿನ ಬೆಳಿಗ್ಗೆ ಗುಂಡಿ ಒತ್ತಿದರೂ ನಿಮ್ಮ ಪಂಪ್‌ಸೆಟ್ ಏಳಲಿಲ್ಲವೆನ್ನಿ. ಕೂಡಲೇ ಮೋಟಾರು ಕಳಚಿ ರಿವೈಂಡಿಂಗಿಗೆ ಒಯ್ಯುತ್ತೀರಾ? ಇಲ್ಲ. ಊರಿಗೇ ಕರೆಂಟು ಹೋಗಿದೆಯೋ, ಮೂರು ಫೇಸೂ ಬಂದಿದೆಯೋ, ಫ್ಯೂಸ್ ಸುಟ್ಟಿದೆಯೋ, ಸ್ಟಾರ್ಟರ್ ಹಿಡಿಯುತ್ತಿದೆಯೋ ಎಂದು ಒಂದರ ಹಿಂದೊಂದು ನೋಡುತ್ತೀರಿ. ಮೊಬೈಲ್ ಫೋನಿನ ಸಿಗ್ನಲ್ ಹೋದಾಗ ಮಾತ್ರ ನಾವು ಈ ಕ್ರಮವನ್ನೆಲ್ಲ ಮರೆತು ನೇರವಾಗಿ ಪೇಟೆಯ ರಿಪೇರಿ ಅಂಗಡಿಗೆ ನಡೆಯುತ್ತೇವೆ. ಬಸ್ ಚಾರ್ಜು, ಒಂದು ದಿನದ ಕೆಲಸ, ಮೇಲೆ ಅಂಗಡಿಯವನು ಹೇಳಿದಷ್ಟು ಹಣ. ಎಷ್ಟೋ ಸಲ ಇವು ಯಾವುವೂ ಬೇಕಿರುವುದಿಲ್ಲ.

ಫೋನು ಈಗ ಬರಿಯ ಮಾತಿಗಾಗಿ ಉಳಿದಿಲ್ಲವೆಂಬುದು ನಿಮಗೆ ಗೊತ್ತೇ ಇದೆ. ಹಾಲಿನ ಬಟವಾಡೆ ಖಾತೆಗೆ ಬಿದ್ದ ಸಂದೇಶ, ಪಿಎಂ ಕಿಸಾನ್ ಹಣಕ್ಕೆ ಕೇಳುವ ಓಟಿಪಿ, ಬ್ಯಾಂಕಿನ ಎಚ್ಚರಿಕೆ, ಎಲ್ಲವೂ ಒಂದೇ ನಂಬರಿಗೆ ಬರುತ್ತವೆ. ಸಿಗ್ನಲ್ ಇಲ್ಲದ ಫೋನಿನಲ್ಲಿ ಸಿಮ್ಮನ್ನು ಹಾಗೆಯೇ ಬಿಟ್ಟರೆ ಇನ್ನೊಂದು ಅಪಾಯವೂ ಉಂಟು. ಪ್ರಿಪೇಯ್ಡ್ ಸಿಮ್ಮಿನಲ್ಲಿ ಸತತವಾಗಿ 90 ದಿನ ಕರೆ, ಸಂದೇಶ, ಇಂಟರ್ನೆಟ್ ಯಾವುದೂ ನಡೆಯದಿದ್ದರೆ, ಖಾತೆಯಲ್ಲಿ 20 ರೂಪಾಯಿಯೂ ಉಳಿದಿರದಿದ್ದರೆ, ಕಂಪನಿಯು ಆ ನಂಬರನ್ನು ರದ್ದು ಮಾಡಬಹುದು. ಮುಂದೆ ಆ ನಂಬರು ಬೇರೆ ಯಾರಿಗೋ ಹೋಗುತ್ತದೆ, ನಿಮ್ಮ ಬ್ಯಾಂಕಿನ ಸಂದೇಶಗಳೂ ಅವರ ಹಿಂದೆ ಹೋಗುತ್ತವೆ. ಆದುದರಿಂದ ಫೋನು ಕೆಟ್ಟರೆ ಕೆಡಲಿ, ಸಿಮ್ಮನ್ನು ಮಾತ್ರ ಮನೆಯ ಬೇರೆ ಯಾವುದಾದರೂ ಫೋನಿಗೆ ಹಾಕಿ ಜೀವಂತವಾಗಿಡಿ.

ಮೊದಲು ಫೋನು ಏನು ಹೇಳುತ್ತದೆ ಓದಿ

ನಿಮ್ಮದೇ ಕಂಪನಿಯ ಸಿಮ್ ಇರುವ ಅಕ್ಕಪಕ್ಕದವರನ್ನು ಮೊದಲು ವಿಚಾರಿಸಿ. ಅವರಿಗೂ ಇಲ್ಲವೆಂದರೆ ತೊಂದರೆ ಟವರಿನದು. ಕರೆಂಟು ಬಹಳ ಹೊತ್ತು ಹೋದಾಗ ಟವರಿನ ಬ್ಯಾಟರಿ ಬರಿದಾಗಿ ಅದು ಮಲಗುವುದು ನಮ್ಮ ಹಳ್ಳಿಗಳಲ್ಲಿ ಹೊಸತೇನಲ್ಲ. ಒಂದು ದಿನ ಕಾಯಿರಿ. ಆಗಲೂ ಬಾರದಿದ್ದರೆ ಸಿಗ್ನಲ್ ಸಿಗುವ ಕಡೆ ಹೋಗಿ, ಅದೇ ಕಂಪನಿಯ ಫೋನಿನಿಂದ 198ಕ್ಕೆ ಕರೆ ಮಾಡಿ ದೂರು ಕೊಡಿ. ಅವರು ಹೇಳುವ ದೂರಿನ ಸಂಖ್ಯೆಯನ್ನು ಬರೆದಿಟ್ಟುಕೊಳ್ಳಿರಿ.

ಅವರಿಗೆಲ್ಲ ಇದ್ದು ನಿಮಗೊಬ್ಬರಿಗೇ ಇಲ್ಲವೆಂದರೆ ಫೋನಿನ ಪರದೆಯನ್ನು ನೋಡಿ. ‘ಸಿಮ್ ಇಲ್ಲ’ ಎಂದಿದ್ದರೆ ಫೋನಿಗೆ ಸಿಮ್ಮೇ ಕಾಣುತ್ತಿಲ್ಲ. ‘ತುರ್ತು ಕರೆ ಮಾತ್ರ’ ಎಂದಿದ್ದರೆ ಫೋನಿಗೆ ಯಾವುದೋ ಟವರು ಕೇಳಿಸುತ್ತಿದೆ, ಆದರೆ ನಿಮ್ಮ ಕಂಪನಿಯ ಟವರು ಅದನ್ನು ಒಳಗೆ ಬಿಟ್ಟುಕೊಂಡಿಲ್ಲ. ಈ ಸ್ಥಿತಿಯಲ್ಲಿಯೂ 112ಕ್ಕೆ ಕರೆ ಹೋಗುತ್ತದೆ, ನೆನಪಿರಲಿ. ‘ಸೇವೆ ಇಲ್ಲ’ ಎಂದಿದ್ದರೆ ಅದರ ಕಿವಿಗೆ ಯಾವ ಟವರೂ ಬೀಳುತ್ತಿಲ್ಲ. ಮೂರೂ ಬೇರೆ ಬೇರೆ ರೋಗಗಳು. ಎಲ್ಲಕ್ಕೂ ‘ಸಿಗ್ನಲ್ ಇಲ್ಲ’ ಎಂದು ಒಂದೇ ಹೆಸರಿಡುವುದರಿಂದ ಮದ್ದು ತಪ್ಪುತ್ತದೆ.

ಇನ್ನು ಮನೆಮದ್ದು. ಪರದೆಯ ಮೇಲ್ಭಾಗದಲ್ಲಿ ವಿಮಾನದ ಚಿತ್ರ ಮೂಡಿದ್ದರೆ ಮಕ್ಕಳು ಆಡುವಾಗ ಒತ್ತಿದ್ದಾರೆಂದು ತಿಳಿದು ಅದನ್ನು ಆರಿಸಿ. ಫೋನನ್ನು ಪೂರ್ತಿ ಆರಿಸಿ ಮತ್ತೆ ಹಚ್ಚಿ. ಸಿಮ್ ತೆಗೆದು ಅದರ ಹಳದಿ ಬಿಲ್ಲೆಯನ್ನು ಒಣಗಿದ ಮೆತ್ತನೆಯ ಬಟ್ಟೆಯಿಂದ ಒರಸಿ ಸರಿಯಾಗಿ ಕೂರಿಸಿ. ನೀರು, ಎಂಜಲು, ಸೀಮೆಎಣ್ಣೆ ಬೇಡ. ಹಿಂದೆ ಕತ್ತರಿಯಿಂದ ಕತ್ತರಿಸಿ ಚಿಕ್ಕದು ಮಾಡಿದ ಸಿಮ್ ಆಗಿದ್ದರೆ ಅದು ಕದಲುತ್ತಿರಬಹುದು. ಹೊಸ ಸಿಮ್ ತೆಗೆದುಕೊಳ್ಳುವುದೇ ಲೇಸು.

ಸಿಮ್ ಅದಲುಬದಲು

ಇಡೀ ಲೇಖನದಲ್ಲಿ ಒಂದೇ ಮಾತನ್ನು ನೆನಪಿಟ್ಟುಕೊಳ್ಳುವುದಾದರೆ ಇದನ್ನು ಇಟ್ಟುಕೊಳ್ಳಿ. ನಿಮ್ಮ ಸಿಮ್ಮನ್ನು ನೆರೆಯವರ ಫೋನಿಗೆ ಹಾಕಿ, ಅದೇ ಕಂಪನಿಯ ಅವರ ಸಿಮ್ಮನ್ನು ನಿಮ್ಮ ಫೋನಿಗೆ ಹಾಕಿ ನೋಡಿ. ಐದು ನಿಮಿಷದ ಕೆಲಸ, ಕಾಸಿನ ಖರ್ಚಿಲ್ಲ.

ನಿಮ್ಮ ಸಿಮ್ ಅವರ ಫೋನಿನಲ್ಲಿಯೂ ಏಳದಿದ್ದರೆ ಸಿಮ್ ಸತ್ತಿದೆ ಅಥವಾ ನಂಬರು ರದ್ದಾಗಿದೆ. ರಿಪೇರಿ ಅಂಗಡಿಗೆ ಹೋಗುವ ಅಗತ್ಯವಿಲ್ಲ, ಆಧಾರ್ ಹಿಡಿದು ಕಂಪನಿಯ ಅಂಗಡಿಗೆ ಹೋಗಿ. ನಿಮ್ಮ ಸಿಮ್ ಅವರಲ್ಲಿ ಚೆನ್ನಾಗಿದ್ದು, ಅವರ ಸಿಮ್ ನಿಮ್ಮಲ್ಲಿ ಏಳದಿದ್ದರೆ ದೋಷ ನಿಮ್ಮ ಫೋನಿನದು. ಎರಡೂ ಎರಡು ಕಡೆ ಚೆನ್ನಾಗಿದ್ದರೆ ಕೂರಿಸಿದ್ದರಲ್ಲೇ ಎಲ್ಲೋ ಸಡಿಲಿತ್ತು, ತೆಗೆದು ಹಾಕಿದ್ದರಿಂದ ಸರಿಹೋಯಿತು. ಅವರ ಸಿಮ್ಮಿಗೆ ನಿಮ್ಮ ಫೋನಿನಲ್ಲಿ 4ಜಿ ಬಂದು, ನಿಮ್ಮ ಸಿಮ್ಮಿಗೆ ಮಾತ್ರ ಬಾರದಿದ್ದರೆ ನಿಮ್ಮದು ಹಳೆಯ ಕಾಲದ ಸಿಮ್. ನಂಬರು ಬದಲಾಗದಂತೆ 4ಜಿ ಸಿಮ್ ಕೇಳಿ ಪಡೆಯಿರಿ.

ದೋಷ ಫೋನಿನದೇ ಎಂದು ಗೊತ್ತಾದ ಮೇಲೂ ಅದನ್ನು ಬಿಚ್ಚಿಸುವ ಮೊದಲು ಎರಡು ಸಂಗತಿ ನೋಡಬೇಕು. ಎರಡು ಸಿಮ್ ಹಿಡಿಯುವ ಹಳೆಯ ಫೋನುಗಳಲ್ಲಿ ಅನೇಕಕ್ಕೆ ಒಂದು ಗೂಡಿನಲ್ಲಿ ಮಾತ್ರ 4ಜಿ ಇರುತ್ತದೆ, ಇನ್ನೊಂದು ಗೂಡು 2ಜಿಗೆ ಮಾತ್ರ. ಸಿಮ್ಮನ್ನು ಆ ಗೂಡಿನಿಂದ ಈ ಗೂಡಿಗೆ ಬದಲಾಯಿಸಿದೊಡನೆ ಸಿಗ್ನಲ್ ಬಂದುದನ್ನು ನಾನೇ ಕಂಡಿದ್ದೇನೆ. ಎರಡನೆಯದು, ಸೆಟ್ಟಿಂಗಿನಲ್ಲಿ ಮೊಬೈಲ್ ನೆಟ್‌ವರ್ಕ್ ಎಂಬಲ್ಲಿ ಹೋಗಿ ‘3ಜಿ ಮಾತ್ರ’ ಎಂದೇನಾದರೂ ಇದೆಯೇ ನೋಡಿ, ಎಲ್ಲ ಬಗೆಯೂ ಇರುವಂತೆ ಬದಲಾಯಿಸಿ. ಕಂಪನಿಯ ಆಯ್ಕೆಯನ್ನು ‘ಸ್ವಯಂಚಾಲಿತ’ಕ್ಕೆ ಬಿಡಿ.

ಟವರಿನ ಭಾಷೆ ಬದಲಾಗಿದೆ

ಇಷ್ಟಾದರೂ ಬಾರದಿದ್ದರೆ ಬಹುಮಟ್ಟಿಗೆ ಕಾರಣ ಇದು: ಫೋನು ಕೆಟ್ಟಿಲ್ಲ, ಅದು ಕಲಿತ ಭಾಷೆಯಲ್ಲಿ ನಿಮ್ಮೂರಿನ ಟವರು ಈಗ ಮಾತಾಡುತ್ತಿಲ್ಲ. ಜಿಯೋ 2016ರ ಸೆಪ್ಟೆಂಬರಿನಲ್ಲಿ ಆರಂಭವಾದಾಗಿನಿಂದಲೂ 2ಜಿ, 3ಜಿ ಎರಡನ್ನೂ ಇಟ್ಟುಕೊಂಡಿಲ್ಲ, ಅದರ ಸಿಮ್ಮಿಗೆ 4ಜಿ ಫೋನೇ ಬೇಕು. ಏರ್‌ಟೆಲ್ 2019–20ರಲ್ಲಿ 3ಜಿಯನ್ನು ಮುಚ್ಚಿ 2ಜಿ ಉಳಿಸಿಕೊಂಡಿತು. ಬಿಎಸ್‌ಎನ್‌ಎಲ್‌ನ ಸ್ವದೇಶಿ 4ಜಿ 2025ರ ಸೆಪ್ಟೆಂಬರ್ 27ರಂದು ಉದ್ಘಾಟನೆಯಾಯಿತು, 4ಜಿ ಬಂದ ಕಡೆಗಳಲ್ಲಿ ಅದರ 3ಜಿಯೂ ಹಿಂದೆ ಸರಿಯುತ್ತಿದೆ. ಹತ್ತು ವರ್ಷದ ಹಿಂದೆ ‘3ಜಿ ಫೋನು’ ಎಂದು ಹೆಮ್ಮೆಯಿಂದ ಕೊಂಡ ಫೋನು ಇಂದು ಒಂದೋ 2ಜಿಗೆ ಇಳಿಯುತ್ತದೆ, ಇಲ್ಲವೇ ಸುಮ್ಮನಾಗುತ್ತದೆ.

ಅಲೆಗಳಲ್ಲಿಯೂ ಭೇದವುಂಟು. ರೇಡಿಯೋದಲ್ಲಿ ಸ್ಟೇಷನ್ ತಿರುಗಿಸುವಂತೆ ಫೋನೂ ಬೇರೆ ಬೇರೆ ಅಲೆಗಳನ್ನು ಹಿಡಿಯಬೇಕು. ನಮ್ಮ ದೇಶದ 4ಜಿಯಲ್ಲಿ 850, 900, 1800, 2100, 2300 ಮೆಗಾಹರ್ಟ್ಸ್ ಮುಂತಾದವು ಬಳಕೆಯಲ್ಲಿವೆ, ಬಿಎಸ್‌ಎನ್‌ಎಲ್ 700ನ್ನೂ ಬಳಸುತ್ತದೆ. ಸಂಖ್ಯೆ ಕಡಿಮೆಯಾದಷ್ಟೂ ಅಲೆ ದೂರ ಹೋಗುತ್ತದೆ, ಗೋಡೆ ಮರಗಳನ್ನು ದಾಟಿ ಬರುತ್ತದೆ. ದೂರದ ತೋಟದ ಮನೆಗೆ ಬರುವುದು ಸಾಮಾನ್ಯವಾಗಿ ಇಂಥ ಅಲೆಯೇ. ಹಳೆಯ ಫೋನಿಗೆ ಅದು ಕೇಳಿಸದಿದ್ದರೆ ಪಕ್ಕದವರ ಹೊಸ ಫೋನಿನಲ್ಲಿ ನಾಲ್ಕು ಗೀಟು ಇದ್ದರೂ ನಿಮ್ಮದರಲ್ಲಿ ಒಂದೂ ಇರುವುದಿಲ್ಲ. ಊರ ಬಸ್‌ಸ್ಟ್ಯಾಂಡಿಗೆ ಬಂದರೆ ಬರುತ್ತದೆ, ತೋಟಕ್ಕೆ ಹೋದರೆ ಹೋಗುತ್ತದೆ.

ಈಗ ಬೀಗ ತೆಗೆದ ಫೋನಿನ ವಿಷಯ. ಹೊರದೇಶದಲ್ಲಿರುವ ಮಗನೋ ಅಳಿಯನೋ ತಾನು ಬಳಸಿದ ಒಳ್ಳೆಯ ಫೋನನ್ನು ಊರಿಗೆ ಕಳಿಸುತ್ತಾನೆ. ಅಮೆರಿಕ ಮೊದಲಾದ ಕಡೆ ಕಂತಿನಲ್ಲಿ ಕೊಟ್ಟ ಫೋನಿಗೆ ಕಂಪನಿಯವರು ಬೇರೆ ಸಿಮ್ ಹಿಡಿಯದಂತೆ ಬೀಗ ಹಾಕಿರುತ್ತಾರೆ. ಹಣ ತೀರಿದ ಮೇಲೆ ಅದನ್ನು ತೆಗೆಯುತ್ತಾರೆ. ‘ಅನ್‌ಲಾಕ್ ಆಗಿದೆ, ಎಲ್ಲಿ ಬೇಕಾದರೂ ನಡೆಯುತ್ತದೆ’ ಎಂಬ ಮಾತು ಇಲ್ಲಿಂದ ಹುಟ್ಟಿತು. ಇದು ಅರ್ಧ ಸತ್ಯ. ಬೀಗ ತೆಗೆಯುವುದೆಂದರೆ ಯಾವ ಕಂಪನಿಯ ಸಿಮ್ಮನ್ನಾದರೂ ಒಳಗೆ ಬಿಟ್ಟುಕೊಳ್ಳುತ್ತದೆ ಎಂದಷ್ಟೇ ಅರ್ಥ. ಆ ಕಂಪನಿಯ ಅಲೆಯನ್ನು ಹಿಡಿಯುವ ಶಕ್ತಿ ಕಾರ್ಖಾನೆಯಲ್ಲಿ ಕೂಡಿಸಿದ್ದರೆ ಉಂಟು, ಇಲ್ಲದಿದ್ದರೆ ಇಲ್ಲ. ಅಮೆರಿಕಕ್ಕೆಂದೇ ಮಾಡಿದ ಹಳೆಯ ಮಾದರಿಗಳಲ್ಲಿ ನಮ್ಮ 2300ರಂಥ ಅಲೆ ಇಲ್ಲದಿರುವುದು ಸಾಮಾನ್ಯ. ಯಾವ ರಿಪೇರಿಯಿಂದಲೂ ಅದನ್ನು ಸೇರಿಸಲು ಬಾರದು.

ಇನ್ನೊಂದು ವಿಚಿತ್ರ: ಇಂಟರ್ನೆಟ್ ಬರುತ್ತದೆ, ವಾಟ್ಸ್‌ಆಪ್ ನಡೆಯುತ್ತದೆ, ಕರೆ ಮಾತ್ರ ಹೋಗುವುದಿಲ್ಲ. 4ಜಿ ಮೇಲೆ ಮಾತು ಸಾಗಿಸುವ ‘ವೋಲ್ಟಿ’ ಎಂಬ ಏರ್ಪಾಡು ಆ ಮಾದರಿಗೆ ನಮ್ಮ ಕಂಪನಿಯೊಡನೆ ಹೊಂದದಿರುವುದೇ ಇದಕ್ಕೆ ಕಾರಣ. 2ಜಿ ಇರುವ ಕಂಪನಿಯಾದರೆ ಕರೆಯು 2ಜಿಗೆ ಇಳಿದು ಹೇಗೋ ನಡೆಯುತ್ತದೆ. 2ಜಿ ಇಲ್ಲದ ಕಂಪನಿಯಲ್ಲಿ ಅದಕ್ಕೆ ಇಳಿಯಲು ಮೆಟ್ಟಿಲೇ ಇಲ್ಲ. ಸೆಟ್ಟಿಂಗಿನಲ್ಲಿ ವೋಲ್ಟಿ ಗುಂಡಿ ಆರಿದ್ದರೆ ಹಚ್ಚಿ ನೋಡಿ. ಆ ಗುಂಡಿಯೇ ಕಾಣದಿದ್ದರೆ 2ಜಿ ಇರುವ ಕಂಪನಿಯ ಸಿಮ್ ಹಾಕಿ ಪರೀಕ್ಷಿಸಿ.

ಕೆಲವು ಐಫೋನುಗಳಲ್ಲಿ ಸಿಮ್ಮಿನ ಕೆಳಗೆ ಕಾಗದದಷ್ಟು ತೆಳ್ಳನೆಯ ಚಿಪ್ ಇಟ್ಟು ಬೀಗ ತೆಗೆದಂತೆ ತೋರಿಸಿ ಮಾರುವವರಿದ್ದಾರೆ. ಅದು ಬೀಗ ತೆಗೆದದ್ದಲ್ಲ, ಬೀಗಕ್ಕೆ ಮಂಕುಬೂದಿ ಎರಚಿದ್ದು. ಸಾಫ್ಟ್‌ವೇರ್ ಹೊಸದಾದೊಡನೆ ಸಿಗ್ನಲ್ ಹೋಗುತ್ತದೆ. ಹಳೆಯ ಫೋನು ಕೊಳ್ಳುವಾಗ ಸಿಮ್ ತಟ್ಟೆಯನ್ನು ಎಳೆದು ನೋಡಿರಿ.

ಹದಿನೈದು ಅಂಕಿ

ಕರೆ ಮಾಡುವಂತೆ *#06# ಒತ್ತಿದರೆ ಹದಿನೈದು ಅಂಕಿಯ ಐಎಂಇಐ ಸಂಖ್ಯೆ ಬರುತ್ತದೆ. ಎತ್ತಿನ ಕಿವಿಗೆ ಹಾಕಿದ ಓಲೆಯಂತೆ ಅದು ಫೋನಿನ ಗುರುತು. ಡಬ್ಬಿಯ ಮೇಲಿನ ಸಂಖ್ಯೆಯೊಡನೆ ಹೋಲಿಸಿ. ಬರಿಯ ಸೊನ್ನೆ ಬಂದರೆ, ಏನೂ ಬಾರದಿದ್ದರೆ, ಅಥವಾ ಬೇರೆ ಸಂಖ್ಯೆ ಬಂದರೆ ಯಾರೋ ಒಳಗಿನ ಸಾಫ್ಟ್‌ವೇರ್ ಕೆದಕಿದ್ದಾರೆ. ಅಂಥ ಫೋನನ್ನು ಟವರು ಒಪ್ಪದಿರಬಹುದು. ಕಳುವಾಯಿತೆಂದು ಮೊದಲಿನ ಮಾಲೀಕ ಸರ್ಕಾರದ ಸಂಚಾರ ಸಾಥಿ ವ್ಯವಸ್ಥೆಯಲ್ಲಿ ದೂರು ಕೊಟ್ಟು ತಡೆಸಿದ ಫೋನಿಗೂ ಇದೇ ಗತಿ. ಸಂಖ್ಯೆ ತಿದ್ದಿಕೊಡುತ್ತೇನೆಂದು ಅಂಗಡಿಯವನು ಹೇಳಿದರೆ ಒಪ್ಪಬೇಡಿ, ಅದು ಅಪರಾಧ.

ಸಂತೆಯಲ್ಲೋ ಪೇಟೆಯಲ್ಲೋ ಹಳೆಯ ಫೋನು ಕೊಳ್ಳುವ ಮೊದಲು ಕೆವೈಎಂ ಎಂಬ ಮೂರು ಇಂಗ್ಲಿಷ್ ಅಕ್ಷರ ಒತ್ತಿ, ಒಂದು ಜಾಗ ಬಿಟ್ಟು ಆ ಹದಿನೈದು ಅಂಕಿ ಸೇರಿಸಿ 14422ಕ್ಕೆ ಸಂದೇಶ ಕಳಿಸಿ. ತಡೆಹಿಡಿದದ್ದು, ನಕಲಿ, ಇಲ್ಲವೇ ಈಗಾಗಲೇ ಬಳಕೆಯಲ್ಲಿದೆ ಎಂದು ಉತ್ತರ ಬಂದರೆ ಹಣ ಕೊಡಬೇಡಿ. ಹಲ್ಲು ನೋಡದೆ ಎತ್ತು ಹಿಡಿಯದ ನಾವು ಫೋನಿನ ಹೊಳಪು ನೋಡಿ ಕೊಳ್ಳುವುದೇಕೆ?

ಸಂಖ್ಯೆ ಸರಿಯಿದ್ದು, ಬ್ಯಾಟರಿಯನ್ನೋ ಹಿಂಬದಿಯ ಮುಚ್ಚಳವನ್ನೋ ಬದಲಾಯಿಸಿದ ಮೇಲೆ ಸಿಗ್ನಲ್ ಹೋಗಿದ್ದರೆ ಆಂಟೆನಾದ ಸ್ಪ್ರಿಂಗು ತಾಗುತ್ತಿರಲಿಕ್ಕಿಲ್ಲ. ಇದೊಂದು ಮಾತ್ರ ನಿಜವಾಗಿಯೂ ರಿಪೇರಿಯವನ ಕೆಲಸ, ಸಣ್ಣ ಕೆಲಸ.

ಪಂಪ್‌ಸೆಟ್ಟಿಗೆ ಮೊಬೈಲ್ ಸ್ಟಾರ್ಟರ್ ಹಾಕಿಸಿದವರು ಇದನ್ನೆಲ್ಲ ಆ ಪೆಟ್ಟಿಗೆಗೂ ಅನ್ವಯಿಸಿಕೊಳ್ಳಬಹುದು. ಅದರೊಳಗಿರುವುದೂ ಒಂದು ಹಳೆಯ ಫೋನೇ, ಅನೇಕವು 2ಜಿಯವು. ಅವಕ್ಕೆ 4ಜಿ ಮಾತ್ರದ ಕಂಪನಿಯ ಸಿಮ್ ಹಾಕಿ ಫಲವಿಲ್ಲ. ಆಂಟೆನಾ ಕಬ್ಬಿಣದ ಡಬ್ಬಿಯ ಹೊರಗೆ ಇರಲಿ, ಒಳಗಿದ್ದರೆ ಡಬ್ಬಿಯೇ ಅಲೆಯನ್ನು ತಡೆಯುತ್ತದೆ.

ಸಿಮ್ ಬದಲಾಯಿಸಲು ಹೊರಡುವವರಿಗೆ ಒಂದು ಸೂಚನೆ. ಹೊಸ ಸಿಮ್ ಚಾಲೂ ಆದ ಮೇಲೆ ಮೋಸ ತಡೆಯಲೆಂದು 24 ಗಂಟೆ ಸಂದೇಶಗಳನ್ನು ತಡೆಹಿಡಿಯುತ್ತಾರೆ, ಓಟಿಪಿಯೂ ಬರುವುದಿಲ್ಲ. ಸಾಲದ ಕಾಗದಕ್ಕೋ ಹಣ ಕಳಿಸಲಿಕ್ಕೋ ಬ್ಯಾಂಕಿಗೆ ಹೋಗುವುದಿದ್ದರೆ ಅದನ್ನು ಮುಗಿಸಿಕೊಂಡೇ ಸಿಮ್ಮಿನ ಅಂಗಡಿಗೆ ಹೋಗಿರಿ.