ಚಪ್ಪಟೆ ಸ್ಪೀಕರ್ ಕೊಳ್ಳುವ ಮೊದಲು ಗೋಡೆಯನ್ನೊಮ್ಮೆ ನೋಡಿ

ರಾಯದುರ್ಗ, ಮಡಕಶಿರಾ ಎರಡೂ ಆಂಧ್ರದ ಗಡಿ ಊರುಗಳು. 1953ರಲ್ಲಿ ಬಳ್ಳಾರಿ ಜಿಲ್ಲೆ ಹಂಚಿ ಹೋದಾಗ ರಾಯದುರ್ಗ ಆಂಧ್ರಕ್ಕೆ ಸೇರಿತು. ಮಡಕಶಿರಾ 2022ರಿಂದ ಶ್ರೀ ಸತ್ಯಸಾಯಿ ಜಿಲ್ಲೆಯಲ್ಲಿದೆ. ಎರಡೂ ಕಡೆ ಕನ್ನಡ ಮಾತನಾಡುವ ಮನೆಗಳಿವೆ. ರಾಯದುರ್ಗ ಜೀನ್ಸ್ ಹೊಲಿಗೆಗೆ ಹೆಸರಾದ ಊರು. ಮನೆಯಲ್ಲೇ ಹೊಲಿಯುವವರಿಗೆ ಹಗಲು ಮಷಿನ್ ಓಡುವ ಕೋಣೆಯೇ ರಾತ್ರಿ ಟಿವಿ ನೋಡುವ, ಮಲಗುವ ಕೋಣೆ. ಅಂಥ ಕಡೆ ದೊಡ್ಡ ಪೆಟ್ಟಿಗೆಯ ಸ್ಪೀಕರ್ ಇಡಲು ಜಾಗವೆಲ್ಲಿ? ಚಪ್ಪಟೆ ಸ್ಪೀಕರ್ ಕಣ್ಣಿಗೆ ಬೀಳುವುದು ಆಗಲೇ. ಆದರೆ 'ಚಪ್ಪಟೆ' ಅಂದ ಮಾತ್ರಕ್ಕೆ ಎಲ್ಲವೂ ಗೋಡೆಗೆ ಒರಗಿಸುವಂಥದ್ದಲ್ಲ. ಇದು ತಿಳಿಯದೆ ಕೊಂಡರೆ ದುಡಿದ ಹಣ ನೀರಿಗೆ ಹಾಕಿದಂತೆ.

ಮೂರು ಬಗೆ

ಮೊದಲನೆಯದು ತೆಳು ಹಾಳೆಯ ಸ್ಪೀಕರ್. ಬ್ರಿಟನ್‌ನ ಕ್ವಾಡ್ ಕಂಪನಿ 1957ರಲ್ಲಿ ತಂದದ್ದು ವಿದ್ಯುತ್ ಒತ್ತಡದಿಂದ ಅಲುಗುವ ಹಾಳೆ. ಅಮೆರಿಕದಲ್ಲಿ 1969ರಲ್ಲಿ ಶುರುವಾದ ಮ್ಯಾಗ್ನೆಪ್ಯಾನ್ ಬಳಸಿದ್ದು ಆಯಸ್ಕಾಂತ. ಇವು ಮುಂದಕ್ಕೂ ಹಿಂದಕ್ಕೂ ಒಂದೇ ಸಮ ಶಬ್ದ ಬಿಡುತ್ತವೆ. ಹಿಂದೆ ಹೋದ ಶಬ್ದ ಗೋಡೆಗೆ ಬಡಿದು ವಾಪಸ್ ಬರುತ್ತದೆ. ಕಲ್ಲು, ಸಿಮೆಂಟ್ ಗೋಡೆಯಾದರೆ ಜಾಸ್ತಿಯೇ. ಹಾಗಾಗಿ ಹಿಂದೆ ಸುಮಾರು ಮೂರು ಅಡಿ ಜಾಗ ಬೇಕು. ಒತ್ತಿ ಇಟ್ಟರೆ ಶಬ್ದ ಕಲಸಿಹೋಗುತ್ತದೆ. ಇದಕ್ಕೆ ಬಲವಾದ ಆಂಪ್ಲಿಫೈಯರ್ ಕೂಡ ಬೇಕು. ಹತ್ತಡಿ ಕೋಣೆಗೆ ಇದು ಹೊಂದುವುದು ಕಷ್ಟ.

ಎರಡನೆಯದು ಹಲಗೆ ಪೂರ್ತಿ ಕಂಪಿಸುವ ಬಗೆ. ಹೆಲಿಕಾಪ್ಟರ್ ಒಳಗಿನ ಸದ್ದು ತಗ್ಗಿಸಲು ಬ್ರಿಟನ್‌ನ ರಕ್ಷಣಾ ಸಂಶೋಧಕರು ಹಗುರ ಹಲಗೆ ಪರೀಕ್ಷಿಸುತ್ತಿದ್ದರು. ಅದು ಸದ್ದನ್ನು ಚೆನ್ನಾಗಿ ಹರಡುತ್ತದೆ ಅಂತ ಗೊತ್ತಾಯಿತು. 1990ರ ದಶಕದಲ್ಲಿ ಎನ್‌ಎಕ್ಸ್‌ಟಿ ಕಂಪನಿ ಅದನ್ನು ಮಾರುಕಟ್ಟೆಗೆ ತಂದಿತು. ಇದನ್ನು ಚಿತ್ರದ ಚೌಕಟ್ಟಿನಂತೆ ತೂಗಿಹಾಕಬಹುದು. ಮಾತು ಸ್ಪಷ್ಟ, ಕೋಣೆಯ ಯಾವ ಮೂಲೆಯಲ್ಲಿ ಕುಳಿತರೂ ಹೆಚ್ಚುಕಡಿಮೆ ಒಂದೇ ಥರ ಕೇಳುತ್ತದೆ. ಕೊರತೆ ಒಂದೇ, ಬೇಸ್ ಕಡಿಮೆ.

ಮೂರನೆಯದು ಮಾಮೂಲಿ ಸ್ಪೀಕರನ್ನೇ ತೆಳು ಪೆಟ್ಟಿಗೆಯಲ್ಲಿಟ್ಟು ಗೋಡೆಗೆ ತೂಗಿಸುವುದು. ಹಿಂದಿನ ಶಬ್ದ ಪೆಟ್ಟಿಗೆಯೊಳಗೇ ಉಳಿಯುವುದರಿಂದ ಗೋಡೆಯ ತೊಂದರೆ ಕಡಿಮೆ. ಗೋಡೆ ಬೇಸ್‌ಗೆ ಸ್ವಲ್ಪ ಬಲವನ್ನೂ ಕೊಡುತ್ತದೆ.

ಯಾರಿಗೆ ಯಾವುದು?

ಜಾಗ ಆಗಾಗ ಬದಲಿಸುವವರಿಗೆ, ಸುದ್ದಿ, ಪಾಠ, ಮಾತು ಕೇಳುವವರಿಗೆ ಎರಡನೆಯ ಅಥವಾ ಮೂರನೆಯ ಬಗೆ ಸಾಕು. ಬೇಸ್ ಬೇಕೇ ಬೇಕು ಅನ್ನುವವರು ಸಣ್ಣ ಸಬ್ ವೂಫರ್ ಸೇರಿಸಿಕೊಳ್ಳಬಹುದು. 80 ಹರ್ಟ್ಸ್‌ಗಿಂತ ಕೆಳಗಿನ ಶಬ್ದ ಎಲ್ಲಿಂದ ಬಂತು ಅಂತ ಕಿವಿಗೆ ಸುಲಭದಲ್ಲಿ ತಿಳಿಯುವುದಿಲ್ಲ. ಹಾಗಾಗಿ ಅದನ್ನು ಮಂಚದ ಬದಿಯಲ್ಲೋ ಮೂಲೆಯಲ್ಲೋ ಇಡಬಹುದು. ಒಂದು ಮಾತು ನೆನಪಿರಲಿ: ಪಕ್ಕದ ಮನೆಗೆ ಗೋಡೆ ದಾಟಿ ಹೋಗುವುದು ಇದೇ ಬೇಸ್. ಒಂದೇ ಗೋಡೆ ಹಂಚಿಕೊಂಡ ಮನೆಗಳಲ್ಲಿ ರಾತ್ರಿ ಅದನ್ನು ತಗ್ಗಿಸುವುದೇ ನೆರೆಹೊರೆಗೆ ಮಾಡುವ ಮರ್ಯಾದೆ.

ಅಂಗಡಿಯಲ್ಲಿ

ಪೆಟ್ಟಿಗೆ ಮೇಲೆ ಬರೆದ ಸಾವಿರಾರು ವ್ಯಾಟ್ ನೋಡಿ ಮರುಳಾಗಬೇಡಿ. 'ಆರ್‌ಎಂಎಸ್' ವ್ಯಾಟ್ ಎಷ್ಟು, ಎಷ್ಟು ಓಮ್, ಮನೆಯ ಆಂಪ್ಲಿಫೈಯರ್‌ಗೆ ಹೊಂದುತ್ತದೆಯೇ ಅಂತ ಕೇಳಿ. ಅಂಗಡಿಯಲ್ಲೇ ಗೋಡೆಗೆ ತಾಗಿಸಿ, ಆಮೇಲೆ ಎರಡಡಿ ಮುಂದೆ ಸರಿಸಿ, ಗೊತ್ತಿರುವ ದನಿಯೊಂದನ್ನು ಕೇಳಿ ನೋಡಿ. ಮಾತು ಎರಡೂ ಕಡೆ ಸ್ಪಷ್ಟವಾಗಿದ್ದರೆ ಅದು ನಿಮ್ಮ ಕೋಣೆಗೆ ಆಗುವಂಥದ್ದು. ಬಳ್ಳಾರಿಯಿಂದಲೋ ಬೆಂಗಳೂರಿನಿಂದಲೋ ತರುವವರು ವಾಪಸ್ ಮಾಡುವ ಷರತ್ತನ್ನು ಬಿಲ್ಲಿನಲ್ಲೇ ಬರೆಸಿಕೊಳ್ಳಲಿ. ಬಾಯಿ ಮಾತು ಬಸ್ ಹತ್ತಿದ ಮೇಲೆ ಉಳಿಯುವುದಿಲ್ಲ.