ಕೈಗುಣ ಇಲ್ಲಿಯದು, ಲೈಸೆನ್ಸ್ ಅಲ್ಲಿಯದು

[ದೃಶ್ಯ: ಅರಸೀಕೆರೆ ಜಂಕ್ಷನ್, ರೈಲು ನಿಲ್ಲುತ್ತಿದೆ]
ಹುಬ್ಬಳ್ಳಿ ಕಡೆಯಿಂದ ಹಾಸನಕ್ಕೆ ಹೋಗೋರು ಎಷ್ಟೋ ಸಲ ಇಲ್ಲೇ ಇಳಿದು ಗಾಡಿ ಬದಲಿಸ್ತಾರೆ. ವಿದೇಶಕ್ಕೆ ಹೊರಟ ಮಸಾಜ್ ಸರ್ಟಿಫಿಕೇಟಿನ ಕತೆಯೂ ಅಷ್ಟೇ. ಗಡಿ ದಾಟಿದ ಮೇಲೆ ಹಳಿಯೇ ಬೇರೆ!

[ದೃಶ್ಯ: ಬಿಸಿ ಎಣ್ಣೆ, ಅಭ್ಯಂಗ ಮಾಡುವ ಕೈಗಳು]
ನಿಮ್ಮೂರು ಬೇಲೂರೋ ಹಳೇಬೀಡೋ, ಹಾಸನದಲ್ಲಿ ಪಂಚಕರ್ಮ ಕಲಿತಿದ್ದೀರಿ ಅಂತಿಟ್ಕೊಳ್ಳಿ. ಅಭ್ಯಂಗ, ಶಿರೋಧಾರೆ ಕೈಗೆ ಕೂತಿದೆ. ಆದರೆ ಜಗತ್ತಿಗೆಲ್ಲ ನಡೆಯೋ ಒಂದೇ ಲೈಸೆನ್ಸ್ ಇಲ್ಲ.

[ದೃಶ್ಯ: ಭೂಪಟ]
ಕೆನಡಾದ ಒಂಟಾರಿಯೊದಲ್ಲಿ ‘ಮಸಾಜ್ ಥೆರಪಿಸ್ಟ್’ ಅನ್ನೋ ಹೆಸರಿಗೇ ಕಾನೂನಿನ ಕಾವಲಿದೆ. ಅಲ್ಲಿನ ನಿಯಂತ್ರಣ ಮಂಡಳಿ ನಿಮ್ಮ ಓದನ್ನು ತೂಗಿ ನೋಡುತ್ತೆ, ಆಮೇಲೆ ಪರೀಕ್ಷೆ.
ಅಮೆರಿಕದಲ್ಲಿ ರಾಜ್ಯಕ್ಕೊಂದು ನಿಯಮ. ನ್ಯೂಯಾರ್ಕ್ ಕೇಳೋದು 1,000 ಗಂಟೆಗಳ ತರಬೇತಿ.
ಬ್ರಿಟನ್ನಿನಲ್ಲಿ ದೇಶಮಟ್ಟದ ಕಡ್ಡಾಯ ನೋಂದಣಿ ಇಲ್ಲ. ಆದರೆ ಲಂಡನ್ನಿನ ಹಲವು ಕಡೆ ಸ್ಥಳೀಯ ಆಡಳಿತದ ಪರವಾನಗಿ ಬೇಕು.

[ದೃಶ್ಯ: ಕಡತ, ಮುದ್ರೆ]
ಹಾಗಾಗಿ ಊರು ಬಿಡೋ ಮೊದಲೇ ಕಲಿತ ಸಂಸ್ಥೆಯಿಂದ ಅಂಕಪಟ್ಟಿ, ಪಠ್ಯಕ್ರಮ, ಪಾಠ ಮತ್ತು ಪ್ರಾಯೋಗಿಕ ಗಂಟೆಗಳ ಲೆಕ್ಕ ಬರೆಸಿಕೊಳ್ಳಿ. ಆಮೇಲೆ ವಿದೇಶಾಂಗ ಸಚಿವಾಲಯದ ಅಪೊಸ್ಟಿಲ್, ಅಂದ್ರೆ ಹೊರದೇಶದಲ್ಲಿ ತೋರಿಸೋಕೆ ಬೇಕಾದ ದೃಢೀಕರಣ. ದೇಶಗಳ ನಡುವಿನ ಅಪೊಸ್ಟಿಲ್ ಒಪ್ಪಂದ ಭಾರತದಲ್ಲಿ 2005ರಿಂದ, ಕೆನಡಾದಲ್ಲಿ 2024ರಿಂದ ಜಾರಿಯಲ್ಲಿದೆ.
ಒಂದು ಮಾತು ನೆನಪಿರಲಿ: ಅಪೊಸ್ಟಿಲ್ ಹೇಳೋದು ಕಾಗದದ ಸಹಿ, ಮುದ್ರೆ ಅಸಲಿ ಅಂತ ಮಾತ್ರ. ನಿಮ್ಮ ಓದು ಅಲ್ಲಿ ಸಾಕಾಗುತ್ತೆ ಅಂತಲ್ಲ.

[ದೃಶ್ಯ: ಹೊರಡುವ ರೈಲು]
‘ಸರ್ಟಿಫಿಕೇಟ್ ಇದ್ರೆ ಸಾಕು, ಮಿಕ್ಕಿದ್ದು ನಾವು ನೋಡ್ಕೋತೀವಿ’ ಅನ್ನೋ ಏಜೆಂಟ್ ಸಿಕ್ಕರೆ, ದುಡ್ಡು ಕೊಡೋ ಮೊದಲು ನೀವು ಹೋಗೋ ಕಡೆಯ ಮಂಡಳಿಗೋ ಸ್ಥಳೀಯ ಆಡಳಿತಕ್ಕೋ ನೇರವಾಗಿ ಒಂದು ಇ-ಮೇಲ್ ಹಾಕಿ ಕೇಳಿ.