ನಿಮಗಿದು ಗೊತ್ತೇ? ತೊಗರಿ ಹೊಲದಿಂದ ಕಾಗಿಣಾ ದಂಡೆಯ ಮಠದವರೆಗೆ

ಕಲಬುರಗಿ ಜಿಲ್ಲೆಯ ಗುಂಡಗುರ್ತಿ ಕಡೆಯಿಂದ ಸೇಡಂ ದಿಕ್ಕಿಗೆ ಗಾಡಿ ತಿರುಗಿಸಿದರೆ ಎಡಕ್ಕೂ ಬಲಕ್ಕೂ ತೊಗರಿ ಹೊಲ, ಎದುರಿಗೆ ಸಿಮೆಂಟ್ ಲಾರಿ. ಕಾಗಿಣಾ ದಂಡೆಯ ಮಳಖೇಡ ಮಠಕ್ಕೆ ಹೋಗಿಬರಲು ಒಂದು ಬೆಳಗು ಸಾಕು. ಬಸ್ಸಿನಲ್ಲಿ ನಿತ್ಯ ಓಡಾಡುವವರೂ ಈ ಸೀಮೆಯಲ್ಲಿ ಇಳಿದು ನೋಡಿದ್ದು ಕಡಿಮೆ. ಇಲ್ಲಿ ಒಬ್ಬರು ಬಿಟ್ಟುಹೋದ ಕಲ್ಲು, ತಾಮ್ರ, ಊರು ಯಾವುದೂ ಹಾಳಾಗಿ ಬಿದ್ದಿರಲಿಲ್ಲ. ಮುಂದೆ ಬಂದವರು ಅದನ್ನೇ ತಮ್ಮ ಕೆಲಸಕ್ಕೆ ಹಚ್ಚಿಕೊಂಡರು. ಹೇಗೆ ಎಂದು ನೋಡಿ.

● ಕಲಬುರಗಿ ತೊಗರಿಬೇಳೆಗೆ ಜಿಐ ಟ್ಯಾಗ್ ಸಿಕ್ಕಿದ್ದು 2019ರಲ್ಲಿ. ಮುಂಗಾರಿಗೆ ಬಿತ್ತಿದ ತೊಗರಿ ಮಳೆಗಾಲ ಮುಗಿಯುವ ಹೊತ್ತಿಗೆ ಹಳದಿ ಹೂ ಬಿಟ್ಟು ನಿಲ್ಲುತ್ತದೆ. ರಸ್ತೆಯ ಅಂದ ನೋಡಬೇಕೆನ್ನುವವರಿಗೆ ಅದೇ ಸರಿಯಾದ ಕಾಲ. ಬೇಸಿಗೆಯಲ್ಲಿ ಬಂದರೆ ಸಿಗುವುದು ಬಿರುಕುಬಿಟ್ಟ ಕರಿಮಣ್ಣು ಮತ್ತು ಬಿಸಿಗಾಳಿ.

● ಆ ಕರಿಮಣ್ಣಿನ ಕೆಳಗಿರುವುದು ಸುಣ್ಣದ ಕಲ್ಲು. ಪದರ ಪದರವಾಗಿ ಏಳುವ ಅದರ ಚಪ್ಪಡಿಗಳೇ ನಾಡಿನ ಮನೆಮನೆಯ ನೆಲಕ್ಕೆ ಬಿದ್ದ ಶಹಾಬಾದ್ ಕಲ್ಲು, ಜನರ ಬಾಯಲ್ಲಿ ಪರಸಿ. ಈ ಸೀಮೆಯ ಹಳ್ಳಿಗಳಲ್ಲಿ ಅದು ನೆಲಕ್ಕಷ್ಟೇ ಅಲ್ಲ: ಗೋಡೆಗೂ ಅದೇ, ಮಾಳಿಗೆಗೂ ಅದೇ, ಬಚ್ಚಲಿಗೂ ಅದೇ. ಹೊಲದ ಬದುವಿನಲ್ಲಿ ಸಾಲಾಗಿ ನಿಲ್ಲಿಸಿ ಹೂಳಿದರೆ ಬೇಲಿ. ವಾಡಿ, ಮಳಖೇಡ, ಸೇಡಂಗಳಲ್ಲಿ ಸಿಮೆಂಟ್ ಕಾರ್ಖಾನೆ ನೆಲೆಯೂರಿದ್ದಕ್ಕೂ ಈ ಕಲ್ಲೇ ಕಾರಣ.

● ವಾಡಿ ಜಂಕ್ಷನ್‌ಗೆ ನಿಜಾಮರ ರೈಲು ಬಂದದ್ದು 1874ರಲ್ಲಿ. ಮುಂಬೈ–ಮದ್ರಾಸ್ ಮುಖ್ಯ ಮಾರ್ಗ ಅದಕ್ಕೂ ಮೊದಲೇ ವಾಡಿಯ ಮೂಲಕ ಹಾದುಹೋಗಿತ್ತು. ಅದಕ್ಕೆ ಹೈದರಾಬಾದನ್ನು ಜೋಡಿಸಲು ಸಿಕಂದರಾಬಾದ್‌ನಿಂದ ವಾಡಿವರೆಗೆ ಹಳಿ ಹಾಕಲಾಯಿತು. ಚಿತ್ತಾಪುರ, ಮಳಖೇಡ ರೋಡ್, ಸೇಡಂ ನಿಲ್ದಾಣಗಳು ಇರುವುದು ಆ ಹಳಿಯ ಮೇಲೆಯೇ. ಗಾಡಿ ಇಲ್ಲದವರು ಈ ಸೀಮೆಯನ್ನು ರೈಲಿನ ಕಿಟಕಿಯಿಂದಲೂ ನೋಡಬಹುದು.

● ಮಳಖೇಡ ಎಂದರೆ ಮಾನ್ಯಖೇಟ, ರಾಷ್ಟ್ರಕೂಟರ ರಾಜಧಾನಿ. ಅದನ್ನು ರಾಜಧಾನಿಯಾಗಿ ಬೆಳೆಸಿದವನು ಅಮೋಘವರ್ಷ ನೃಪತುಂಗ. ಹುಡುಗನಾಗಿದ್ದಾಗಲೇ, ಸುಮಾರು 814ರಲ್ಲಿ, ಪಟ್ಟಕ್ಕೆ ಬಂದ ಅವನು 64 ವರ್ಷದಷ್ಟು ಆಳಿದ. ದೀರ್ಘ ಆಳ್ವಿಕೆಗೆ ಹೆಸರಾದ ಬ್ರಿಟನ್ನಿನ ವಿಕ್ಟೋರಿಯಾ ರಾಣಿ ಸಿಂಹಾಸನದ ಮೇಲಿದ್ದದ್ದು 63 ವರ್ಷ ಚಿಲ್ಲರೆ.

● ಅರಬ್ ವರ್ತಕ ಸುಲೈಮಾನನ ಹೆಸರಿನಲ್ಲಿ ಉಳಿದಿರುವ 851ರ ವೃತ್ತಾಂತ ಜಗತ್ತಿನ ನಾಲ್ವರು ಮಹಾರಾಜರನ್ನು ಎಣಿಸುತ್ತದೆ: ಬಾಗ್ದಾದಿನ ಖಲೀಫ, ಚೀನದ ಚಕ್ರವರ್ತಿ, ರೂಮಿನ (ಬೈಜಾಂಟಿಯಂ) ದೊರೆ, ನಾಲ್ಕನೆಯವನು ಬಲ್ಹರಾ. ಈ ಬಲ್ಹರಾ ನಮ್ಮ ರಾಷ್ಟ್ರಕೂಟ ಅರಸ. ಅವನ ಊರನ್ನು ಅರಬ್ ಬರಹಗಾರರು ಮಾನಕೀರ್ ಎಂದು ಗುರುತಿಸಿಕೊಂಡಿದ್ದರು. ಇವತ್ತು ಆ ಊರಿನ ಕೋಟೆಯ ಬುಡದಲ್ಲಿ ಎಮ್ಮೆ ಮೇಯುತ್ತವೆ.

● ಪ್ರಜೆಗಳಿಗೆ ಬಂದ ಕೇಡು ಕಳೆಯಲೆಂದು ಅಮೋಘವರ್ಷ ತನ್ನ ಎಡಗೈಯ ಬೆರಳನ್ನು ಕತ್ತರಿಸಿ ಮಹಾಲಕ್ಷ್ಮಿಗೆ ಅರ್ಪಿಸಿದನಂತೆ. ಹೀಗೆ ಹೇಳುವುದು 871ರ ಸಂಜಾನ್ ತಾಮ್ರಶಾಸನ. ಆಗ ಅವನು ಇನ್ನೂ ಪಟ್ಟದಲ್ಲಿದ್ದ. ಅಂದರೆ ಇದು ಅವನು ಸತ್ತ ಮೇಲೆ ಕಟ್ಟಿದ ಕಥೆಯಲ್ಲ.

● ‘ಕವಿರಾಜಮಾರ್ಗ’ ಹುಟ್ಟಿದ್ದು ಇದೇ ಅರಸನ ಆಸ್ಥಾನದಲ್ಲಿ. ಆದರೆ ಕನ್ನಡದ ತಿರುಳು ಎಲ್ಲಿದೆ ಎಂದು ಆ ಕೃತಿ ಹೆಸರಿಸುವ ಊರುಗಳು ಕಿಸುವೊಳಲು, ಕೊಪಣ, ಪುಲಿಗೆರೆ, ಒಕ್ಕುಂದ. ಈಗಿನ ಲೆಕ್ಕದಲ್ಲಿ ಪಟ್ಟದಕಲ್ಲು, ಕೊಪ್ಪಳ, ಲಕ್ಷ್ಮೇಶ್ವರ ಮತ್ತು ಬೈಲಹೊಂಗಲ ಸೀಮೆ. ರಾಜಧಾನಿ ಮಾನ್ಯಖೇಟದ ಹೆಸರು ಆ ಪಟ್ಟಿಯಲ್ಲಿಲ್ಲ! ದೊರೆಯ ಊರು ಎಂಬ ಮುಲಾಜಿಗೂ ಅದನ್ನು ಸೇರಿಸಲಿಲ್ಲ.

● ಋಣಸಂಖ್ಯೆಗೆ ವರ್ಗಮೂಲ ಇಲ್ಲ ಎಂದು ಸ್ಪಷ್ಟವಾಗಿ ಬರೆದ ಜೈನ ಗಣಿತಜ್ಞ ಮಹಾವೀರಾಚಾರ್ಯ ಬಾಳಿದ್ದು ಅಮೋಘವರ್ಷನ ಕಾಲದಲ್ಲೇ. ಅವನ ‘ಗಣಿತಸಾರಸಂಗ್ರಹ’ದ ಆರಂಭದಲ್ಲಿ ದೊರೆಯ ಹೊಗಳಿಕೆ ಇದೆ. ಜ್ಯೋತಿಷವನ್ನು ಹೊರಗಿಟ್ಟು ಬರೀ ಗಣಿತಕ್ಕೆ ಮೀಸಲಾದ ಈ ಸಂಸ್ಕೃತ ಗ್ರಂಥವನ್ನು 11ನೇ ಶತಮಾನದಲ್ಲಿ ಪಾವುಲೂರಿ ಮಲ್ಲನ ತೆಲುಗಿಗೆ ತಂದ. ಎಂ. ರಂಗಾಚಾರ್ಯರ ಇಂಗ್ಲಿಷ್ ಅನುವಾದ ಮದ್ರಾಸಿನಲ್ಲಿ ಅಚ್ಚಾದದ್ದು 1912ರಲ್ಲಿ.

● ಹಿಂದಿ ಸಾಹಿತ್ಯದ ಚರಿತ್ರೆ ಓದುವವರೂ ಮಳಖೇಡಕ್ಕೆ ಬರಲೇಬೇಕು. ಹಿಂದಿಗೆ ಹಿಂದಿನ ನುಡಿಯಾದ ಅಪಭ್ರಂಶದ ದೊಡ್ಡ ಕವಿ ಪುಷ್ಪದಂತ ‘ಮಹಾಪುರಾಣ’ ಬರೆದದ್ದು ಇಲ್ಲಿ, 959ರಿಂದ 965ರ ನಡುವೆ, ಮಂತ್ರಿ ಭರತನ ಆಶ್ರಯದಲ್ಲಿ. ಆಗ ಪಟ್ಟದಲ್ಲಿದ್ದವನು ಮೂರನೇ ಕೃಷ್ಣ. ಕನ್ನಡದ ಪೊನ್ನನಿಗೆ ‘ಉಭಯಕವಿ ಚಕ್ರವರ್ತಿ’ ಬಿರುದು ಕೊಟ್ಟವನೂ ಅವನೇ.

● ‘ಮಹಾಪುರಾಣ’ ಮುಗಿದು ಹತ್ತು ವರ್ಷ ಕಳೆಯುವುದರೊಳಗೆ, 972ರಲ್ಲಿ, ಮಾಳವದ ಪರಮಾರ ಸೀಯಕ ಮಾನ್ಯಖೇಟವನ್ನು ಸೂರೆ ಹೊಡೆದ. ಚಿನ್ನ, ಬೆಳ್ಳಿಯ ಜೊತೆಗೆ ದಫ್ತರದಲ್ಲಿದ್ದ ತಾಮ್ರಪಟಗಳೂ ಮಾಳವಕ್ಕೆ ಹೋದವೆಂದು ಇತಿಹಾಸಕಾರರ ಅಂದಾಜು. ಅದಕ್ಕೆ ಆಧಾರ ಮಾಳವದ ಗಾವ್ರಿಯಲ್ಲಿ ಸಿಕ್ಕ ಪಟಗಳು. ರಾಷ್ಟ್ರಕೂಟ ನಾಲ್ಕನೇ ಗೋವಿಂದನ ದಾನಶಾಸನದ ತಾಮ್ರದ ಮೇಲೆ ಸೀಯಕನ ಮಗ ಮುಂಜ ತನ್ನದೇ ದಾನವನ್ನು ಕೊರೆಸಿದ್ದ.

● ಮಳಖೇಡದ ನೇಮಿನಾಥ ಬಸದಿಯ ಒಳಗೆ ಕಂಚಿನಲ್ಲಿ ಎರಕ ಹೊಯ್ದ ಪುಟ್ಟ ಗುಡಿಯೊಂದಿದೆ. ಅದರ ಮೈತುಂಬ 96 ಜಿನಬಿಂಬಗಳು. ಎಲ್ಲೋರಾದಲ್ಲಿ ಗುಡ್ಡವನ್ನೇ ಕಡಿದು ಕೈಲಾಸ ಮಾಡಿಸಿದ ವಂಶದ ರಾಜಧಾನಿಯಲ್ಲಿ ಕಣ್ಣು ಅರಳಿಸಿ ನೋಡಬೇಕಾದದ್ದು ಇಷ್ಟು ಚಿಕ್ಕ ಗುಡಿ. ಕೋಟೆ ನೋಡಲು ಬಂದವರು ತಪ್ಪಿಸಿಕೊಳ್ಳುವುದು ಇದನ್ನೇ.

● ರಾಷ್ಟ್ರಕೂಟರು ಹೋದ ಮೇಲೂ ಮಳಖೇಡ ತಣ್ಣಗೆ ಕೂರಲಿಲ್ಲ. ಕಲ್ಯಾಣಕ್ಕೆ ಹೋಗುವ ಮುನ್ನ ಚಾಲುಕ್ಯರು ಆಳಿದ್ದು ಇಲ್ಲಿಂದಲೇ. ಮುಂದೆ 1685ರಲ್ಲಿ ಔರಂಗಜೇಬನ ಸೇನೆಗೂ ಗೋಲ್ಕೊಂಡದ ಕುತುಬ್‌ಶಾಹಿ ಸೇನೆಗೂ ಕಾದಾಟ ನಡೆದದ್ದು ಇದೇ ನೆಲದಲ್ಲಿ. ಗೋಲ್ಕೊಂಡ ಬಿದ್ದದ್ದು ಎರಡು ವರ್ಷದ ಮೇಲೆ.

● ಇನ್ನು ಹೊಳೆದಂಡೆಯ ಮಠ. ಕಾಗಿಣಾ ತೀರದ ಉತ್ತರಾದಿ ಮಠ ಮಾಧ್ವರಿಗೆ ದೊಡ್ಡ ಕ್ಷೇತ್ರ. ಅಕ್ಷೋಭ್ಯತೀರ್ಥರು ಮತ್ತು ಅವರ ಶಿಷ್ಯ ಜಯತೀರ್ಥರ ಬೃಂದಾವನ ಇಲ್ಲಿವೆ ಎಂದು ಮಠದ ಪರಂಪರೆ. ಜಯತೀರ್ಥರದು ಆನೆಗೊಂದಿಯ ನವಬೃಂದಾವನದಲ್ಲಿದೆ ಎನ್ನುವವರೂ ಇದ್ದಾರೆ. ಆ ವಾದ ಇನ್ನೂ ಆರಿಲ್ಲ. ಭಕ್ತರಿಗೆ ಮಾತ್ರ ಟೀಕಾರಾಯರೆಂದರೆ, ಅಂದರೆ ಜಯತೀರ್ಥರೆಂದರೆ, ಮಳಖೇಡ.

● ಕುದುರೆ ಏರಿ ಬಂದ ಶ್ರೀಮಂತ ತರುಣನೊಬ್ಬ ಹೊಳೆಗಿಳಿದು, ಕೆಳಗಿಳಿಯದೆ ಕುದುರೆಯ ಮೇಲಿಂದಲೇ ಬಾಗಿ, ಬೊಗಸೆಯನ್ನೂ ಒಡ್ಡದೆ ಬಾಯಿಹಚ್ಚಿ ನೀರು ಕುಡಿದ. ದಂಡೆಯಲ್ಲಿ ಕೂತಿದ್ದ ಅಕ್ಷೋಭ್ಯತೀರ್ಥರು ‘ಹಿಂದಿನ ಜನ್ಮದಲ್ಲಿ ಪಶುವಾಗಿದ್ದೆಯೇನು?’ ಎಂದು ಕೇಳಿದರು. ಆ ಒಂದು ಮಾತಿಗೆ ತರುಣ ಮನೆಮಾರು ಬಿಟ್ಟು ಸನ್ಯಾಸಿಯಾದ. ಅವನೇ 14ನೇ ಶತಮಾನದ ಜಯತೀರ್ಥ ಎಂಬುದು ಮಠದಲ್ಲಿ ಇವತ್ತಿಗೂ ಹೇಳುವ ಕಥೆ.

● ಮಧ್ವಾಚಾರ್ಯರ ‘ಅನುವ್ಯಾಖ್ಯಾನ’ಕ್ಕೆ ಜಯತೀರ್ಥರು ಬರೆದ ಟೀಕೆಯೇ ‘ನ್ಯಾಯಸುಧಾ’. ಟೀಕೆಗಳನ್ನು ಬರೆದದ್ದು ಯಾದಗಿರಿ ಸೀಮೆಯ ಯರಗೋಳ ಗುಹೆಯಲ್ಲಿ ಎಂಬ ನಂಬಿಕೆ ಇದೆ. ಓದಿದರೆ ಸುಧೆಯನ್ನು ಓದಬೇಕು, ಇಲ್ಲದಿದ್ದರೆ ಭೂಮಿಯನ್ನು ಆಳಬೇಕು ಎಂದು ಪಂಡಿತರಲ್ಲಿ ಒಂದು ಮಾತುಂಟು. ಮಳಖೇಡಕ್ಕೆ ಎರಡೂ ಸಂದವು. ಇವತ್ತಿಗೂ ಮಠಗಳಲ್ಲಿ ವಿದ್ಯಾರ್ಥಿಗಳು ಈ ಗ್ರಂಥ ಓದಿ ಮುಗಿಸಿದರೆ ‘ಸುಧಾಮಂಗಳ’ ಎಂಬ ಉತ್ಸವವನ್ನೇ ಮಾಡುತ್ತಾರೆ.

● ಹೊತ್ತಿದ್ದರೆ ಚಿತ್ತಾಪುರದ ಕಡೆ ತಿರುಗಿ. ಊರಿಗೆ ಹೊಂದಿಕೊಂಡಂತಿರುವ ನಾಗಾವಿಯಲ್ಲಿ 11ನೇ ಶತಮಾನದಲ್ಲಿ ಘಟಿಕಾಸ್ಥಾನ, ಅಂದರೆ ಉನ್ನತ ವಿದ್ಯಾಕೇಂದ್ರ, ಇತ್ತು. ಅಲ್ಲಿನ 1058ರ ಶಾಸನ, ವೇದ ಓದುವ 200 ವಿದ್ಯಾರ್ಥಿಗಳ ಜೊತೆಗೆ ‘ಸರಸ್ವತೀ ಭಂಡಾರಿಗ’ರೆಂಬ ಆರು ಮಂದಿಯನ್ನೂ ಲೆಕ್ಕಕ್ಕೆ ಹಿಡಿದಿದೆ. ಅಂದರೆ ಪುಸ್ತಕ ಭಂಡಾರ ನೋಡಿಕೊಳ್ಳುವವರು. ಅವರ ಹೊಟ್ಟೆಪಾಡಿಗೂ ಭೂಮಿ ಬಿಟ್ಟಿದ್ದರು. ಈಗ ನಾಗಾವಿಗೆ ಜನ ಬರುವುದು ಯಲ್ಲಮ್ಮನ ದರ್ಶನಕ್ಕೆ. ಅರವತ್ತು ಕಂಬದ ಗುಡಿ ಅಲ್ಲೇ ಹತ್ತಿರದಲ್ಲಿದೆ.

● ಭೀಮಾ ದಂಡೆಯ ಸನ್ನತಿಯಲ್ಲಿ ಚಂದ್ರಲಾಂಬೆಯ ಗುಡಿಯ ಆವರಣವಿದೆ. 1980ರ ದಶಕದಲ್ಲಿ ಅಲ್ಲಿನ ಕಾಳಿ ಗುಡಿಯ ಚಾವಣಿ ಕುಸಿದು ಮೂರ್ತಿ ಒಡೆಯಿತು. ಅದರ ಪೀಠದ ಕಲ್ಲನ್ನು ಸರಿಸಿ ನೋಡಿದರೆ ಎರಡೂ ಮಗ್ಗುಲಿಗೆ ಬ್ರಾಹ್ಮಿ ಅಕ್ಷರ, ಅಶೋಕನ ಶಾಸನ! ಮೂರ್ತಿಯನ್ನು ಕೂರಿಸಲು ಯಾವ ಕಾಲದಲ್ಲೋ ಕಲ್ಲಿನ ನಡುವೆ ಕುಳಿ ಕೊರೆದಿದ್ದರಿಂದ ಕೆಲವು ಸಾಲು ಹೋಗಿವೆ. ಉಳಿದದ್ದರಲ್ಲಿ ‘ಪ್ರತ್ಯೇಕ ಶಾಸನ’ಗಳೂ ಇವೆ. ಅಲ್ಲಿಯವರೆಗೆ ಅವು ಸಿಕ್ಕಿದ್ದು ಒಡಿಶಾದ ಧೌಲಿ ಮತ್ತು ಜೌಗಡದಲ್ಲಿ ಮಾತ್ರ.

● ಸನ್ನತಿಗೆ ಹತ್ತಿರದ ಕನಗನಹಳ್ಳಿಯಲ್ಲಿ ಭಾರತೀಯ ಪುರಾತತ್ತ್ವ ಸರ್ವೇಕ್ಷಣ ಇಲಾಖೆ 1994ರಿಂದ 2001ರವರೆಗೆ ಅಗೆದಾಗ ಬೌದ್ಧ ಮಹಾಸ್ತೂಪವೇ ಎದ್ದು ಬಂತು. ಅದರ ಒಂದು ಫಲಕದಲ್ಲಿ ರಾಜ, ಪಕ್ಕದಲ್ಲಿ ರಾಣಿ, ಹಿಂದೆ ಛತ್ರಿ ಚಾಮರ ಹಿಡಿದ ಹೆಂಗಸರು. ಅದರ ಮೇಲೆ ‘ರಾಯ ಅಸೋಕೋ’ ಎಂಬ ಬ್ರಾಹ್ಮಿ ಬರಹ. ಅಶೋಕನನ್ನು ಹೆಸರು ಬರೆದು ತೋರಿಸಿದ ಪ್ರಾಚೀನ ಶಿಲ್ಪ ಎಂದು ಜಗತ್ತು ಇದನ್ನು ಗುರುತಿಸುತ್ತದೆ. ಈ ಫಲಕಗಳಿಗೆ ಬಳಸಿದ್ದೂ ಸುಣ್ಣದ ಕಲ್ಲೇ.

● ಮಠದ ಮುಂದೆ ಹರಿದ ಕಾಗಿಣಾ ಶಹಾಬಾದ್ ಬಳಿಯ ಹೊನಗುಂಟಾದಲ್ಲಿ ಭೀಮೆಯನ್ನು ಕೂಡುತ್ತದೆ. ಮಾಧ್ವ ಮಠ ಒಂದು ಹೊಳೆಯ ದಂಡೆಯಲ್ಲಿ, ಬೌದ್ಧ ಸ್ತೂಪ ಇನ್ನೊಂದರ ದಂಡೆಯಲ್ಲಿ. ಎರಡರ ನೀರೂ ಒಂದಾಗಿ ಮುಂದೆ ಕೃಷ್ಣೆಗೆ ಹೋಗುತ್ತದೆ.

● ಹೊರಡುವ ಮುನ್ನ ಇದೊಂದು ತಿಳಿದಿರಲಿ. ಜಯತೀರ್ಥರ ಆರಾಧನೆ ಆಷಾಢ ಬಹುಳ ಪಂಚಮಿಗೆ, ಅಂದರೆ ಸಾಮಾನ್ಯವಾಗಿ ಜುಲೈ ಸುಮಾರಿಗೆ. ಮಳೆಯ ಕಾಲವೂ ಅದೇ. ಜೋರು ಮಳೆಯಾದ ವರ್ಷ ಕಾಗಿಣಾ ಉಕ್ಕಿ ಮಠದೊಳಗೇ ನೀರು ನುಗ್ಗುತ್ತದೆ, ಸೇತುವೆ ಮುಳುಗಿ ಸೇಡಂ ರಸ್ತೆ ಬಂದ್ ಆಗುತ್ತದೆ. ಆರಾಧನೆಗೆ ಹೋಗುವವರು ಮಳಖೇಡದಲ್ಲಿ ಪರಿಚಯದವರಿಗೆ ಫೋನು ಹಚ್ಚಿ, ಹೊಳೆ ಎಷ್ಟಿದೆ ಎಂದು ಕೇಳಿಕೊಂಡೇ ಗಾಡಿ ತೆಗೆಯಿರಿ. ನೋಡಲು ಮಾತ್ರ ಹೋಗುವವರಿಗೆ ದೀಪಾವಳಿ ಆಸುಪಾಸು ಒಳ್ಳೆಯದು: ಹೊಳೆಯಲ್ಲಿ ನೀರು ಇರುತ್ತದೆ, ಸೇತುವೆ ಮೇಲೆ ಇರುವುದಿಲ್ಲ.